ದಮ್ಮಿಲ್ಲದ ದಿನದ ಮದ್ದು

(ಮಡಕಶಿರಾದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಈ ಸೀಮೆಯಲ್ಲಿ ದತ್ತಿ ಉಪನ್ಯಾಸವೆಂದರೆ ಹೇಮಾವತಿಯ ನೊಳಂಬರು, ಶಾಸನಗಳು, ಇಲ್ಲವೇ ಗಡಿನಾಡ ಕನ್ನಡದ ಪಾಡು. ಈ ಸಲ ದತ್ತಿಯವರು ಒಬ್ಬ ವೈದ್ಯನನ್ನು ಕರೆದಿದ್ದಾರೆ. ಹಾಗಾಗಿ ಮನೆಮನೆಯಲ್ಲೂ ಹೆಸರು ಗೊತ್ತಿದ್ದು, ಅರ್ಧಂಬರ್ಧ ಮದ್ದು ಪಡೆಯುತ್ತಿರುವ ಕಾಯಿಲೆಯೊಂದನ್ನು ಆರಿಸಿಕೊಂಡಿದ್ದೇನೆ. ನಮ್ಮ ಬಾಯಲ್ಲಿ ಅದು ದಮ್ಮು, ಉಬ್ಬಸ; ತೆಲುಗಿನ ನೆರೆಮನೆಯಲ್ಲಿ ಆಯಾಸ; ಡಾಕ್ಟರ ಚೀಟಿಯಲ್ಲಿ ಆಸ್ತಮಾ.

ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ. ದಮ್ಮು ಎದ್ದ ದಿನ ತೆಗೆದುಕೊಳ್ಳುವ ಮದ್ದು ಆ ರಾತ್ರಿಯನ್ನು ದಾಟಿಸುತ್ತದೆ. ಕಾಯಿಲೆಯನ್ನು ಹತೋಟಿಯಲ್ಲಿಡುವುದು ದಮ್ಮಿಲ್ಲದ ದಿನ ತೆಗೆದುಕೊಳ್ಳುವ ಮದ್ದು. ನಮ್ಮ ಜನ ಮೊದಲನೆಯದನ್ನು ಸಾಲ ಮಾಡಿಯಾದರೂ ಕೊಳ್ಳುತ್ತಾರೆ. ಎರಡನೆಯದನ್ನು ಮೈ ಹಗುರಾದ ವಾರವೇ ಬಿಟ್ಟುಬಿಡುತ್ತಾರೆ. 2019ರ ಜಾಗತಿಕ ರೋಗಹೊರೆಯ ಅಂದಾಜಿನಂತೆ ಭಾರತದಲ್ಲಿ ಸುಮಾರು 3.4 ಕೋಟಿ ಆಸ್ತಮಾ ರೋಗಿಗಳಿದ್ದಾರೆ. ಜಗತ್ತಿನ ಒಟ್ಟು ರೋಗಿಗಳಲ್ಲಿ ನಮ್ಮ ಪಾಲು ಸುಮಾರು ಶೇ. 13, ಆಸ್ತಮಾದ ಸಾವುಗಳಲ್ಲಿ ಮಾತ್ರ ಶೇ. 40ಕ್ಕೂ ಮೀರಿದ ಪಾಲು. ಕಾಯಿಲೆ ಎಲ್ಲ ದೇಶಗಳಲ್ಲೂ ಒಂದೇ. ಸಾವಿನ ಲೆಕ್ಕ ಇಷ್ಟು ಏರಲು ದೊಡ್ಡ ಕಾರಣ, ದಿನದ ಮದ್ದು ಬಹಳ ಮಂದಿಯನ್ನು ತಲುಪದಿರುವುದು, ತಲುಪಿದವರೂ ನಡುವೆಯೇ ಬಿಡುವುದು.

ನಮ್ಮ ಗಾಳಿ

ಅಲರ್ಜಿ ಎಂದರೆ ನಿರುಪದ್ರವಿಯಾದ ವಸ್ತುವನ್ನೇ ಮೈ ಶತ್ರುವೆಂದು ಬಗೆದು ಕಾದಾಟಕ್ಕೆ ಇಳಿಯುವುದು. ಹಾಗೆ ಕೆಣಕುವ ವಸ್ತುಗಳಿಗೆ ಮಡಕಶಿರಾ, ರಾಯದುರ್ಗ ಈ ಎರಡು ಸೀಮೆಗಳಲ್ಲಿ ಬರವಿಲ್ಲ. ಮಡಕಶಿರಾ, ರೊಳ್ಳ, ಅಮರಾಪುರ, ಗುಡಿಬಂಡೆ, ಅಗಳಿಯ ಕಡೆ ಕಡ್ಲೆಕಾಯಿ ಬಿಡಿಸುವಾಗಿನ ಹೊಟ್ಟಿನ ಧೂಳು, ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿದು ಬೀಜ ತೆಗೆಯುವ ಮನೆಗಳ ಧೂಳು, ರೇಷ್ಮೆ ಕೆಲಸದಲ್ಲಿ ಗೂಡಿನ ಪುಡಿ ಮತ್ತು ಚಿಟ್ಟೆಯ ರೆಕ್ಕೆಯ ಪುಡಿ. ರಾಯದುರ್ಗದಲ್ಲಿ ಜೀನ್ಸ್ ಹೊಲಿಯುವ ಮನೆಗಳ ಅರಳೆಯ ನವಿರು, ಶೇಂಗಾ ಒಕ್ಕುವ ಕಣಗಳು. ಬೊಮ್ಮನಹಾಳ್, ಕಣೇಕಲ್ಲಿನ ಕಡೆ ಹಗರಿ ಹೊಳೆಯ ಮರಳು ಗಾಳಿಗೆದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುವುದನ್ನು ನೀವೇ ನೋಡಿದ್ದೀರಿ. ಓಬಳಾಪುರದ ಅದಿರು ಲಾರಿಗಳ ಕಾಲದಲ್ಲಿ ಡಿ. ಹಿರೇಹಾಳಿನ ರಸ್ತೆಯ ಮರಗಳ ಎಲೆಯೂ ಕೆಂಪಗಿತ್ತು. ಮರಳು, ಅದಿರಿನ ಧೂಳು, ಒಲೆಯ ಹೊಗೆ, ಬೀಡಿಯ ಹೊಗೆ ಇವು ಅಲರ್ಜಿಯ ವಸ್ತುಗಳಲ್ಲ. ಆದರೆ ಮೊದಲೇ ಕೆರಳಿರುವ ಶ್ವಾಸನಾಳವನ್ನು ಇನ್ನಷ್ಟು ಕೆರಳಿಸುತ್ತವೆ.

ಬೇಲಿಯಲ್ಲಿರುವ ಒಂದು ಗಿಡದ ಚರಿತ್ರೆ ಹೇಳಲೇಬೇಕು. ಬಳ್ಳಾರಿ ಜಾಲಿ ಎಂದು ನಾವು ಕರೆಯುವ, ತೆಲುಗಿನವರು ಸರ್ಕಾರು ತುಮ್ಮ ಎನ್ನುವ ಮರ ಈ ನೆಲದ್ದಲ್ಲ, ಅಮೆರಿಕ ಖಂಡದ್ದು. ಸೌದೆಗೆ ಮರ ಬೇಕೆಂದು ಮದ್ರಾಸ್ ಪ್ರಾಂತದ ಅರಣ್ಯಾಧಿಕಾರಿ ಬೆಡ್ಡೋಮ್ 1876ರಲ್ಲಿ ಇದರ ಬೀಜ ತರಿಸಿಕೊಡಿ ಎಂದು ಸರ್ಕಾರಕ್ಕೆ ಬರೆದರು. ಮರುವರ್ಷ ನಮ್ಮ ಪಕ್ಕದ ಕಡಪ ಜಿಲ್ಲೆಯ ಕಮಲಾಪುರದಲ್ಲಿ ಅದು ಊರಿತು. ಇವತ್ತು ಅದಿಲ್ಲದ ಕೆರೆಯಂಗಳ ಹುಡುಕಬೇಕು. ಅದರ ಪರಾಗ ಭಾರತದ ಒಣನಾಡುಗಳಲ್ಲಿ ಮುಖ್ಯವಾದ ಅಲರ್ಜಿ ಕಾರಕಗಳಲ್ಲಿ ಒಂದು. 1950ರ ದಶಕದ ನಡುವಿನಲ್ಲಿ ಪುಣೆಯ ಬಳಿ ಮೊದಲು ಕಣ್ಣಿಗೆ ಬಿದ್ದ ಕಾಂಗ್ರೆಸ್ ಗಿಡವೂ ಇದೇ ಪಟ್ಟಿಗೆ ಸೇರಿದೆ.

ಆದರೆ ಬಹಳ ಜನರನ್ನು ಕಾಡುವ ಶತ್ರು ಇರುವುದು ಮನೆಯೊಳಗೆ. 1960ರ ದಶಕದಲ್ಲಿ ಹಾಲೆಂಡಿನ ಲೈಡನ್ ನಗರದ ಸಂಶೋಧಕರು ಮನೆಯ ಧೂಳಿನಲ್ಲಿ ಕಣ್ಣಿಗೆ ಕಾಣದ ನುಸಿಯನ್ನು ಗುರುತಿಸಿದರು. ಹಾಸಿಗೆ, ದಿಂಬು, ಕಂಬಳಿ, ಕೌದಿಗಳಲ್ಲಿ ನಮ್ಮ ಚರ್ಮದ ಹೊಟ್ಟನ್ನೇ ತಿಂದು ಬದುಕುವ ಜೀವಿ ಅದು. ಅದರ ಹಿಕ್ಕೆಯೇ ಅಲರ್ಜಿಗೆ ಮೂಲ. ಊರಿನ ಗಾಳಿ ಎಷ್ಟೇ ಒಣಗಿರಲಿ, ಹಾಸಿಗೆಯಲ್ಲಿ ಬೆವರಿನ ತೇವ ಇದ್ದೇ ಇರುತ್ತದೆ. ವಾರಕ್ಕೊಮ್ಮೆ ಹೊದಿಕೆಯನ್ನು ಕೈ ಸುಡುವಷ್ಟು ಬಿಸಿ ನೀರಿನಲ್ಲಿ ಒಗೆದು ಉರಿ ಬಿಸಿಲಿಗೆ ಹಾಕುವುದು ಕಾಸಿಲ್ಲದ ಉಪಾಯ.

ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಇನ್ನೊಂದು ಮಾತು. ಮಕ್ಕಳ ಶ್ವಾಸರೋಗ ತಜ್ಞ ಡಾ. ಎಚ್. ಪರಮೇಶ್ ಅವರು ಬೆಂಗಳೂರಿನಲ್ಲಿ ಇಟ್ಟ ಲೆಕ್ಕದಲ್ಲಿ ಮಕ್ಕಳ ಆಸ್ತಮಾ 1979ರಲ್ಲಿ ಶೇ. 9 ಇದ್ದದ್ದು 1999ಕ್ಕೆ ಶೇ. 29.5ಕ್ಕೆ ಏರಿತ್ತು. ಅಲ್ಲಿ ದಮ್ಮು ಕಲಿತ ಮಗು ಯುಗಾದಿಗೆ ಊರಿಗೆ ಬಂದಾಗ ಮದ್ದಿನ ಡಬ್ಬಿಯನ್ನೂ ತರಬೇಕು.

ಒಳಗೇನಾಗುತ್ತದೆ

ದಮ್ಮಿನಲ್ಲಿ ಎರಡು ಕೆಡುಕುಗಳು ಒಟ್ಟಿಗೆ ನಡೆಯುತ್ತವೆ. ಶ್ವಾಸನಾಳದ ಒಳಪದರ ಊದಿಕೊಂಡು ಲೋಳೆ ಸುರಿಸುತ್ತದೆ. ಅದರ ಸುತ್ತಲಿನ ಸ್ನಾಯು ಬಿಗಿದುಕೊಳ್ಳುತ್ತದೆ. ಬಿಗಿತ ಬಂದು ಹೋಗುವಂಥದ್ದು. ಎದೆ ಸುಯ್‌ಗುಡುವುದು, ನಡುರಾತ್ರಿ ಎದ್ದು ಕೂರುವುದು ಅದರಿಂದ. ಊತ ಮಾತ್ರ ಬೂದಿ ಮುಚ್ಚಿದ ಕೆಂಡ. ರೋಗಿ ನಗುನಗುತ್ತಾ ಹೊಲಕ್ಕೆ ಹೋದ ದಿನವೂ ಒಳಗೆ ಇರುತ್ತದೆ. ಒಂದು ಬೊಗಸೆ ಧೂಳು ಸಿಕ್ಕಿದರೆ ಮತ್ತೆ ಭುಗಿಲೇಳುತ್ತದೆ.

ಮೂಗಿನಿಂದ ಶ್ವಾಸಕೋಶದವರೆಗೆ ಇರುವುದು ಒಂದೇ ದಾರಿ. ಬೆಳಗೆದ್ದು ಸಾಲಾಗಿ ಸೀನುವವರು, ಮೂಗು ತುರಿಸಿ ತುರಿಸಿ ಮೂಗಿನ ಮೇಲೆ ಅಡ್ಡಗೆರೆ ಬಿದ್ದ ಮಕ್ಕಳು ನಾಳೆ ದಮ್ಮಿಗೆ ಬೀಳಬಹುದು. ದಮ್ಮಿರುವವರ ಮೂಗಿಗೆ ಮದ್ದು ಮಾಡದಿದ್ದರೆ ಎದೆಯೂ ಸುಧಾರಿಸದು.

ಹಾಗೆಂದು ಏದುಸಿರೆಲ್ಲ ಅಲರ್ಜಿಯಲ್ಲ. ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕಫದ ಪರೀಕ್ಷೆ ಮಾಡಿಸಿ, ಕ್ಷಯ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ನಲವತ್ತು ದಾಟಿದ ಬೀಡಿ ಸೇದುವವರ, ಜೀವಮಾನವೆಲ್ಲ ಹೊಗೆಯ ಒಲೆಯ ಮುಂದೆ ಕೂತ ತಾಯಂದಿರ ಉಸಿರಿನ ತೊಂದರೆ ಸಿಒಪಿಡಿ ಎಂಬ ಬೇರೆ ಕಾಯಿಲೆ ಇರಬಹುದು. ಅದಕ್ಕೂ ಇನ್‌ಹೇಲರ್ ಇದೆ, ಆದರೆ ಮದ್ದಿನ ಆಯ್ಕೆ ಬೇರೆ. ಊದಿಸಿ ನೋಡುವ ಸ್ಪೈರೋಮೆಟ್ರಿ ಪರೀಕ್ಷೆ ಈ ವ್ಯತ್ಯಾಸ ಹೇಳುತ್ತದೆ. ನಿಮಗೆ ಬಳ್ಳಾರಿ, ಅನಂತಪುರ, ತುಮಕೂರು ಯಾವುದು ಹತ್ತಿರವೋ ಅಲ್ಲಿ ಒಮ್ಮೆ ಮಾಡಿಸಿ.

ಹೊಗೆಯಿಂದ ಪಂಪಿಗೆ

ಇನ್‌ಹೇಲರನ್ನು ನಮ್ಮ ಜನ ಪಂಪು ಎನ್ನುತ್ತಾರೆ. ‘ಪಂಪು ಇಂಗ್ಲಿಷ್ ಮದ್ದು, ನಮ್ಮ ಮೈಗೆ ಒಗ್ಗದು’ ಎನ್ನುವವರಿದ್ದಾರೆ. ಆದರೆ ಉಸಿರಿನ ಕಾಯಿಲೆಗೆ ಮದ್ದನ್ನು ಉಸಿರಿನ ದಾರಿಯಲ್ಲೇ ಕೊಡುವುದು ನಮಗೆ ಹಳತು. ಚರಕ ಸಂಹಿತೆ ಐದು ಬಗೆಯ ಶ್ವಾಸರೋಗ ಹೇಳುತ್ತದೆ. ಮಲಗಿದರೆ ಹೆಚ್ಚಿ, ಎದ್ದು ಕೂತರೆ ತಗ್ಗುವ ತಮಕಶ್ವಾಸದ ವರ್ಣನೆಯಲ್ಲಿ ನಿಮ್ಮ ಪಕ್ಕದ ಮನೆಯ ರೋಗಿಯನ್ನೇ ಕಾಣಬಹುದು. ಅಲ್ಲೇ ಮದ್ದಿನ ಹೊಗೆ ಎಳೆಯುವ ಚಿಕಿತ್ಸೆಯೂ ಇದೆ.

ದತ್ತ ಮಂಡಲಗಳೆಂದು ನಮ್ಮ ಸೀಮೆ ನಿಜಾಮನಿಂದ ಕಂಪನಿಯ ಕೈಸೇರಿದ್ದು 1800ರಲ್ಲಿ. ಆ ಹೊತ್ತಿಗೆ ಮದ್ರಾಸಿನಲ್ಲಿ ದೊಡ್ಡ ವೈದ್ಯಾಧಿಕಾರಿಯಾಗಿದ್ದ ಜೇಮ್ಸ್ ಆಂಡರ್ಸನ್, ಇಲ್ಲಿನವರಂತೆ ದತ್ತೂರಿಯನ್ನು ಸೇದಿ ಉಬ್ಬಸ ಇಳಿಸುವುದನ್ನು ಜನರಲ್ ಜೆಂಟ್ ಎಂಬ ಸೇನಾಧಿಕಾರಿಗೆ ಹೇಳಿಕೊಟ್ಟರು. 1802ರಲ್ಲಿ ಆತ ಅದನ್ನು ಬ್ರಿಟನ್ನಿಗೆ ಒಯ್ದ. ಮುಂದೆ ನೂರೈವತ್ತು ವರ್ಷ ಯುರೋಪಿನ ಅಂಗಡಿಗಳಲ್ಲಿ ದತ್ತೂರಿ ಜಾತಿಯ ಗಿಡದ ‘ಆಸ್ತಮಾ ಸಿಗರೇಟು’ ಮಾರಾಟವಾದವು. ಆ ಗಿಡಗಳ ವಿಷಾಂಶ ಅಟ್ರೋಪಿನ್. ಅದನ್ನು ತಿದ್ದಿ ತೀಡಿ ಮಾಡಿದ ಮದ್ದೇ ಇಂದು ಆವಿ ಹಿಡಿಸುವ ನೆಬ್ಯುಲೈಸರ್‌ನಲ್ಲಿ ಹಾಕುವ ಇಪ್ರಾಟ್ರೋಪಿಯಂ. ಹಾಗೆಂದು ಯಾರೂ ಹಿತ್ತಲಿನ ದತ್ತೂರಿ ಸೇದಲು ಹೋಗಬೇಡಿ. ಅದರ ಪ್ರಮಾಣ ಕೈಗೆ ಸಿಗದು, ಪ್ರಾಣಕ್ಕೇ ಎರವಾಗಬಹುದು.

ಪಂಪು ಹುಟ್ಟಿದ್ದು 1956ರಲ್ಲಿ, ಅಮೆರಿಕದಲ್ಲಿ. ಕೂದಲಿಗೆ ಸಿಂಪಡಿಸುವ ಸ್ಪ್ರೇಯಂತೆ ತನ್ನ ಉಬ್ಬಸದ ಮದ್ದನ್ನೇಕೆ ಡಬ್ಬಿಯಲ್ಲಿ ತುಂಬಬಾರದು ಎಂದು ಹದಿಮೂರರ ಹುಡುಗಿಯೊಬ್ಬಳು ಕೇಳಿದಳು. ಮದ್ದಿನ ಕಂಪನಿಯ ಮುಖ್ಯಸ್ಥನಾಗಿದ್ದ ಅವಳ ತಂದೆ ಜಾರ್ಜ್ ಮೇಸನ್ ಮಾಡಿಸಿ ತೋರಿಸಿದ. 1969ರಲ್ಲಿ ಸಾಲ್ಬುಟಮಾಲ್, 1972ರಲ್ಲಿ ಉಸಿರಿನಲ್ಲಿ ಎಳೆಯುವ ಮೊದಲ ಸ್ಟೀರಾಯ್ಡ್ ಬೆಕ್ಲೊಮೆಥಸೋನ್ ಮಾರುಕಟ್ಟೆಗೆ ಬಂದವು. ಇವತ್ತಿನ ಚಿಕಿತ್ಸೆಯ ಎರಡು ಕಂಬಗಳು ಇವೇ.

ತಕ್ಷಣದ್ದು, ದಿನದ್ದು

ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ನಾಲ್ಕೈದು ಗಂಟೆ ಅದರ ಆಟ. ಊತದ ಗೊಡವೆಗೆ ಅದು ಹೋಗುವುದೇ ಇಲ್ಲ. ಊತವನ್ನು ಇಳಿಸುವುದು ಬುಡೆಸೊನೈಡ್, ಬೆಕ್ಲೊಮೆಥಸೋನ್, ಫ್ಲುಟಿಕಾಸೋನ್‌ನಂಥ ಉಸಿರಿನ ಸ್ಟೀರಾಯ್ಡ್. ಅದು ಎಳೆದ ಕೂಡಲೇ ಏನೂ ಅನಿಸುವುದಿಲ್ಲ. ದಿನಗಟ್ಟಲೆ, ವಾರಗಟ್ಟಲೆ ಎಳೆದ ಮೇಲೆ ರಾತ್ರಿ ನಿದ್ದೆ ಬರುತ್ತದೆ, ಧೂಳಿಗೆ ಎದೆ ಮೊದಲಿನಂತೆ ಕೆರಳುವುದಿಲ್ಲ. ನಮ್ಮ ತೊಡಕು ಇಲ್ಲೇ: ಕೂಡಲೇ ಗುಣ ತೋರಿಸಿದ್ದನ್ನು ಒಳ್ಳೆ ಮದ್ದು ಎನ್ನುತ್ತೇವೆ, ತೋರಿಸದ್ದನ್ನು ದಂಡ ಎನ್ನುತ್ತೇವೆ.

ಬಿಗಿತವನ್ನು ಮಾತ್ರ ಬಿಡಿಸುತ್ತಾ ಕೂತರೆ ಏನಾಗುತ್ತದೆ ಎಂಬುದನ್ನು ಜಗತ್ತು ನೋಡಿದೆ. 1960ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಐಸೊಪ್ರೆನಲಿನ್‌ನ ಗಡುಸು ಪಂಪುಗಳು, 1970ರ ದಶಕದ ಕೊನೆಗೆ ನ್ಯೂಜಿಲೆಂಡಿನಲ್ಲಿ ಫೆನೊಟೆರಾಲ್ ಪಂಪುಗಳು ಬಳಕೆಯಲ್ಲಿದ್ದಾಗ ಆಸ್ತಮಾ ಸಾವುಗಳು ಏರಿದವು. ಬಳಕೆ ತಗ್ಗಿದಾಗ ಸಾವೂ ತಗ್ಗಿತು. 2019ರಲ್ಲಿ ಗಿನಾ ಎಂಬ ಅಂತರರಾಷ್ಟ್ರೀಯ ಆಸ್ತಮಾ ಮಾರ್ಗಸೂಚಿ ದೊಡ್ಡ ತಿರುವು ತೆಗೆದುಕೊಂಡು, ದೊಡ್ಡವರಿಗೂ ಹದಿಹರೆಯದವರಿಗೂ ಸಾಲ್ಬುಟಮಾಲ್ ಒಂದನ್ನೇ ಕೊಡಬಾರದು, ಜೊತೆಗೆ ಊತದ ಮದ್ದು ಇರಲೇಬೇಕು ಎಂದಿತು. ವರ್ಷಕ್ಕೆ ಮೂರು ಅಥವಾ ಹೆಚ್ಚು ಸಾಲ್ಬುಟಮಾಲ್ ಡಬ್ಬಿ ಖಾಲಿಯಾಗುತ್ತಿದ್ದರೆ ಅದೇ ಅಪಾಯದ ಗಂಟೆ. ಮೆಡಿಕಲ್ ಸ್ಟೋರಿನವರು ಇಲ್ಲಿದ್ದರೆ ದಯವಿಟ್ಟು ಗಮನಿಸಿ: ಪದೇ ಪದೇ ಒಂದೇ ಡಬ್ಬಿ ಕೇಳುವ ಗಿರಾಕಿಯನ್ನು ಡಾಕ್ಟರ ಹತ್ತಿರ ಕಳಿಸಿ.

ಎರಡನ್ನೂ ಒಂದೇ ಡಬ್ಬಿಯಲ್ಲಿ ಕೊಡುವ ದಾರಿಯೂ ಇದೆ. ಬಿಗಿತ ಬಿಡಿಸುವ ಫಾರ್ಮೊಟೆರಾಲ್ ಬೇಗ ಕೆಲಸ ಶುರುಮಾಡಿ ಹನ್ನೆರಡು ಗಂಟೆ ನಿಲ್ಲುತ್ತದೆ. ಅದನ್ನು ಬುಡೆಸೊನೈಡ್ ಜೊತೆ ಸೇರಿಸಿದ ಇನ್‌ಹೇಲರನ್ನು ದಿನವೂ ಎಳೆಯಬಹುದು. ದಮ್ಮು ಎದ್ದಾಗಲೂ ಡಾಕ್ಟರು ಹೇಳಿದ ಮಿತಿಯೊಳಗೆ ಅದನ್ನೇ ಎಳೆಯಬಹುದು. ಓದು ಬಾರದವರಿಗೆ, ಎರಡು ಡಬ್ಬಿಗೆ ಕಾಸು ಹೊಂದಿಸಲಾಗದವರಿಗೆ ಇದು ಅನುಕೂಲ. 2022ರ ರಾಷ್ಟ್ರೀಯ ಅಗತ್ಯ ಔಷಧ ಪಟ್ಟಿಯಲ್ಲಿ ಈ ಜೋಡಿ ಮದ್ದು ಇದೆ. ಡಬ್ಬಿಯ ಬಣ್ಣ ನೋಡಿ ಮದ್ದು ಗುರುತಿಸಬೇಡಿ. ಬಣ್ಣ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಮನೆಗೆ ಬಂದ ದಿನವೇ ಡಬ್ಬಿಗೆ ಬಿಳಿ ಪಟ್ಟಿ ಅಂಟಿಸಿ ಕನ್ನಡದಲ್ಲಿ ‘ದಿನದ್ದು’, ‘ತಕ್ಷಣದ್ದು’ ಎಂದು ಬರೆಸಿ.

ಯಾರಿಗೆ ಯಾವ ಸಲಕರಣೆ

ಒಮ್ಮೆ ಹುಣಸೆ ಸುಗ್ಗಿಯಲ್ಲಿ ರೊಳ್ಳದ ಕಡೆಯಿಂದ ಹಣ್ಣು ಬಡಿಯುವ ಹೆಣ್ಣುಮಗಳೊಬ್ಬಳು ಬಂದಿದ್ದಳು. ‘ಹೆಂಗೆ ಹೊಡ್ಕೋತೀಯ, ತೋರಿಸಮ್ಮ’ ಎಂದೆ. ಸೆರಗಿನ ಗಂಟು ಬಿಚ್ಚಿ ಪಂಪು ತೆಗೆದಳು, ಬಾಯಿ ತೆರೆದಳು, ಪಟಪಟನೆ ಎರಡು ಸಲ ಒತ್ತಿದಳು. ಮದ್ದೆಲ್ಲ ಬಿಳಿ ಹೊಗೆಯಾಗಿ ಬಾಯಿಂದ ಆಚೆಗೇ ಬಂತು.

‘ಎಷ್ಟು ದಿನದಿಂದ ಹಿಂಗೆ?’

‘ಎಲ್ಡು ವರ್ಷ ಆತು ಸಾಮಿ. ಬಾಯಿಗೆ ತಣ್ಣಗಾಗ್ತೈತೆ, ದಮ್ಮು ಹಂಗೇ ಐತೆ.’

‘ಯಾರು ಹೇಳ್ಕೊಟ್ಟರು?’

‘ಯಾರೂ ಇಲ್ಲ. ಡಬ್ಬಿ ಕೊಟ್ರು, ಹೊಡ್ಕಾ ಅಂದ್ರು.’

ಎರಡು ವರ್ಷದ ಮದ್ದು ಗಾಳಿಗೆ ಹೋಗಿತ್ತು. ಅವಳಿಗೆ ಕಲಿಸಿದ್ದನ್ನೇ ನಿಮಗೂ ಹೇಳುತ್ತೇನೆ. ಡಬ್ಬಿ ಕುಲುಕಿ. ಎದೆಯಲ್ಲಿನ ಉಸಿರನ್ನು ಪೂರ್ತಿ ಹೊರಬಿಡಿ. ತುಟಿಯಿಂದ ಪಂಪಿನ ಬಾಯನ್ನು ಬಿಗಿಯಾಗಿ ಹಿಡಿಯಿರಿ. ನಿಧಾನವಾಗಿ ಎಳೆಯಲು ಶುರುಮಾಡಿ, ಎಳೆಯುತ್ತಿರುವಾಗಲೇ ಒಂದು ಸಲ ಒತ್ತಿ, ಎಳೆಯುವುದನ್ನು ನಿಲ್ಲಿಸಬೇಡಿ. ಹತ್ತು ಎಣಿಸುವವರೆಗೆ ಉಸಿರು ಹಿಡಿಯಿರಿ. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ. ಹೀಗೆ ಕರಾರುವಾಕ್ಕಾಗಿ ಎಳೆದರೂ ಮದ್ದಿನ ಸಣ್ಣ ಪಾಲಷ್ಟೇ ಶ್ವಾಸಕೋಶ ಮುಟ್ಟುತ್ತದೆ. ಉಳಿದದ್ದು ಬಾಯಿ, ಗಂಟಲಲ್ಲಿ ಕೂರುತ್ತದೆ.

ಆ ನಷ್ಟ ತಗ್ಗಿಸಲು ಸ್ಪೇಸರ್ ಇದೆ. ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಕೊಳವೆ. ಮದ್ದು ಅದರೊಳಗೆ ನಿಲ್ಲುತ್ತದೆ, ರೋಗಿ ಸಾವಧಾನವಾಗಿ ಎಳೆದುಕೊಳ್ಳುತ್ತಾನೆ; ಒತ್ತುವುದು, ಎಳೆಯುವುದು ಹೊಂದಿಸುವ ಕಸರತ್ತಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ, ಕೈ ನಡುಗುವ ಹಿರಿಯರಿಗೆ ಇದು ಬೇಕೇ ಬೇಕು. ತೀರಾ ಸಣ್ಣ ಮಕ್ಕಳಿಗೆ ಮುಖಕ್ಕೆ ಕೂರುವ ಮಾಸ್ಕೂ ಸೇರಬೇಕು. ಕೊಳ್ಳಲು ಆಗದಿದ್ದರೆ? ದಕ್ಷಿಣ ಆಫ್ರಿಕಾದ ಕೇಪ್‌ಟೌನಿನ ಮಕ್ಕಳ ತಜ್ಞೆ ಹೆದರ್ ಜಾರ್ ಮತ್ತು ಸಂಗಡಿಗರು 500 ಮಿ.ಲೀ. ಪ್ಲಾಸ್ಟಿಕ್ ಬಾಟಲಿಯಿಂದ ಸ್ಪೇಸರ್ ಮಾಡಿ, ದಮ್ಮೆದ್ದ ಮಕ್ಕಳಲ್ಲಿ ಅದು ಅಂಗಡಿಯ ಸ್ಪೇಸರ್‌ನಷ್ಟೇ ಕೆಲಸ ಮಾಡುತ್ತದೆಂದು 1999ರಲ್ಲಿ ತೋರಿಸಿದರು. ಬಾಟಲಿಯ ತಳದಲ್ಲಿ ಪಂಪಿನ ಬಾಯಿಯ ಅಳತೆಗೆ ತೂತು ಮಾಡಿ, ಪಂಪು ಸಿಕ್ಕಿಸಿ, ಸಂದು ಮುಚ್ಚಿ, ಬಾಟಲಿಯ ಬಾಯಿಯಿಂದ ಎಳೆಯುವುದು. ಯಾವ ಸ್ಪೇಸರನ್ನೇ ಆಗಲಿ ಸೋಪಿನ ನೀರಿನಲ್ಲಿ ಅದ್ದಿ ಹಾಗೇ ಒಣಗಲು ಬಿಡಿ. ಬಟ್ಟೆಯಿಂದ ಉಜ್ಜಿದರೆ ವಿದ್ಯುದಂಶ ಹುಟ್ಟಿ ಮದ್ದು ಗೋಡೆಗೇ ಅಂಟುತ್ತದೆ.

ಮೂರನೆಯದು ಪುಡಿಯ ಸಲಕರಣೆ, ನಮ್ಮಲ್ಲಿ ಹೆಚ್ಚು ಕಾಣುವುದು ರೋಟಾಹೇಲರ್. ಕ್ಯಾಪ್ಸೂಲ್ ಸಿಕ್ಕಿಸಿ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಪುಡಿಯನ್ನು ಜೋರಾಗಿ ಎಳೆಯಬೇಕು. ಪಂಪನ್ನು ಮೆಲ್ಲಗೆ, ಪುಡಿಯನ್ನು ಬಿರುಸಾಗಿ ಎಂದು ನೆನಪಿಡಿ. ಇದರೊಳಕ್ಕೆ ಉಸಿರು ಬಿಡಬಾರದು, ತೇವಕ್ಕೆ ಪುಡಿ ಗಂಟು ಕಟ್ಟುತ್ತದೆ. ಈ ಕ್ಯಾಪ್ಸೂಲನ್ನು ನೀರಿನ ಜೊತೆ ನುಂಗುವವರು ಈಗಲೂ ಇದ್ದಾರೆ. ನುಂಗಿದ್ದು ಎದೆಗೆ ತಲುಪದು. ಬಿರುಸಾಗಿ ಎಳೆಯುವ ಶಕ್ತಿ ಸಣ್ಣ ಮಕ್ಕಳಿಗಿಲ್ಲ, ದಮ್ಮು ಜೋರಾದವರಿಗೂ ಇರದು. ಅಂಥ ಹೊತ್ತಿಗೆ ಪಂಪು, ಸ್ಪೇಸರೇ ಗತಿ.

ಆವಿ ಹಿಡಿಸುವ ನೆಬ್ಯುಲೈಸರ್ ದೊಡ್ಡ ಮದ್ದೆಂಬ ಭಾವನೆಯಿದೆ. ಸಾಧಾರಣ ದಮ್ಮಿಗೆ ಸ್ಪೇಸರ್ ಮೂಲಕ ಸರಿಯಾಗಿ ಎಳೆದ ಪಫ್‌ಗಳು ಅಷ್ಟೇ ಕೆಲಸ ಮಾಡುತ್ತವೆ, ಕರೆಂಟೂ ಬೇಡ. ಇನ್ನು ಲೆಕ್ಕ: ಡಬ್ಬಿಯಲ್ಲಿ 120 ಪಫ್ ಇದ್ದು, ಬೆಳಗ್ಗೆ ಎರಡು, ರಾತ್ರಿ ಎರಡು ಎಳೆದರೆ ಮೂವತ್ತನೆಯ ದಿನ ಮುಗಿಯಿತು. ಅದರಾಚೆಗೂ ಬುಸ್ ಎನ್ನುತ್ತದೆ, ಅದರಲ್ಲಿ ಮದ್ದಿಲ್ಲ. ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಭಯಗಳು

‘ಸ್ಟೀರಾಯ್ಡ್ ಅಂತೆ, ಮೂಳೆ ತಿಂದುಹಾಕುತ್ತಂತೆ.’ ಲೆಕ್ಕ ಹಾಕೋಣ. ಸ್ಟೀರಾಯ್ಡ್‌ನ 5 ಮಿ.ಗ್ರಾಂ ಮಾತ್ರೆ ಎಂದರೆ 5,000 ಮೈಕ್ರೊಗ್ರಾಂ. ಬುಡೆಸೊನೈಡ್‌ನ ಒಂದು ಪಫ್ 200 ಮೈಕ್ರೊಗ್ರಾಂ. ತೂಕಕ್ಕೆ ತೂಕ ಉಸಿರಿನ ಮದ್ದು ಕಟುವಾದದ್ದು ನಿಜ, ಆದರೆ ಅದು ಕೆಲಸ ಮಾಡುವುದು ನಾಳದಲ್ಲೇ, ರಕ್ತಕ್ಕೆ ಸೇರುವುದು ಅಲ್ಪ. ಬಾಯಲ್ಲಿ ಬಿಳಿ ಬೂಷ್ಟು ಬರಬಹುದು, ಗಂಟಲು ಒಡೆಯಬಹುದು. ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ ಅದೂ ತಗ್ಗುತ್ತದೆ. ದೊಡ್ಡ ಪ್ರಮಾಣ ವರ್ಷಗಟ್ಟಲೆ ಬೇಕಾದವರನ್ನು ಡಾಕ್ಟರು ನಿಗಾ ಇಟ್ಟು ನೋಡುತ್ತಾರೆ. ವಿಚಿತ್ರವೆಂದರೆ ಪಂಪಿಗೆ ಹೆದರುವ ಜನ, ಊರಿನ ಆರ್‌ಎಂಪಿ ವೈದ್ಯ ಕೊಡುವ ಸೂಜಿಯಲ್ಲಿ, ಹೆಸರಿಲ್ಲದ ಪೊಟ್ಟಣದ ಪುಡಿಯಲ್ಲಿ ಹತ್ತಾರು ಪಟ್ಟು ಸ್ಟೀರಾಯ್ಡ್ ಇರಬಹುದೆಂದು ಕೇಳುವುದೇ ಇಲ್ಲ.

‘ಒಂದು ಸಲ ಹಚ್ಕೊಂಡರೆ ಬಿಡಂಗಿಲ್ಲ.’ ಇದು ಚಟವಲ್ಲ. ಬೇಕಾಗಿರುವುದು ಕಾಯಿಲೆಗೆ, ಹತೋಟಿ ಮೂರು ತಿಂಗಳು ನಿಂತರೆ ಡಾಕ್ಟರೇ ಪ್ರಮಾಣ ಇಳಿಸುತ್ತಾರೆ. ‘ಪಂಪು ಕೊಟ್ಟರೆಂದರೆ ಕೊನೆ ಹಂತ.’ ತಿರುಗುಮುರುಗು ಮಾತು. ಪಂಪೇ ಮೊದಲ ಹಂತ. ‘ಹುಡುಗಿ ಪಂಪು ಹೊಡ್ಕೊಳ್ಳೋದು ಗೊತ್ತಾದರೆ ಗಂಡು ಸಿಗಲ್ಲ.’ ಬಚ್ಚಿಟ್ಟು ನಡುರಾತ್ರಿ ಆಸ್ಪತ್ರೆಗೆ ಹೊತ್ತೊಯ್ಯುವುದಕ್ಕಿಂತ, ದಿನಾ ಎಳೆದುಕೊಂಡು ಓಡಾಡುವ ಹುಡುಗಿಯೇ ಲೇಸು. ಬಸಿರಿಯರು ಇದನ್ನು ಗಟ್ಟಿಯಾಗಿ ಕೇಳಿಸಿಕೊಳ್ಳಿ: ಮದ್ದು ಬಿಟ್ಟು ದಮ್ಮು ಎದ್ದರೆ ಒಳಗಿನ ಕೂಸಿಗೂ ಪ್ರಾಣವಾಯು ಕಡಿಮೆಯಾಗುತ್ತದೆ. ಹೇಳದೆ ಕೇಳದೆ ಬಿಡಬೇಡಿ.

ಮೃಗಶಿರಾ ಮಳೆ ಹುಟ್ಟುವ ದಿನ ಹೈದರಾಬಾದಿಗೆ ಹೋಗಿ ಬತ್ತಿನಿ ಮನೆತನದವರು ಕೊಡುವ ಮೀನಿನ ಮದ್ದು ನುಂಗಿ ಬಂದವರು ಈ ಸಭೆಯಲ್ಲೂ ಇರಬಹುದು. ಯಾರ ನಂಬಿಕೆಯನ್ನೂ ಹಳಿಯಲು ನಾನು ಬಂದಿಲ್ಲ. ಅದರ ಗುಣ ಪರೀಕ್ಷೆಗಳಲ್ಲಿ ರುಜುವಾತಾಗಿಲ್ಲ ಎಂದು ಮಾತ್ರ ಹೇಳುತ್ತೇನೆ. ದಮ್ಮು ತಾನಾಗಿ ಏರಿ ಇಳಿಯುವ ಕಾಯಿಲೆ. ಇಳಿದಾಗ ಯಾವುದನ್ನು ನುಂಗಿದ್ದೆವೋ ಅದಕ್ಕೆ ಹೆಸರು ಬರುತ್ತದೆ. ಹೋಗುವವರು ಪಂಪನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಂದ ಮೇಲೂ ದಿನದ ಮದ್ದು ಮುಂದುವರಿಸಿ.

ದಮ್ಮು ಎದ್ದರೆ

ರೋಗಿಯನ್ನು ಮಲಗಿಸಬೇಡಿ, ಕೂರಿಸಿ. ತಕ್ಷಣದ ಪಂಪನ್ನು ಸ್ಪೇಸರ್ ಮೂಲಕ ಒಂದೊಂದೇ ಪಫ್‌ನಂತೆ ನಾಲ್ಕು ಕೊಡಿ, ಒಂದೊಂದಕ್ಕೂ ನಾಲ್ಕಾರು ಉಸಿರು ಎಳೆಯಲಿ. ಇಪ್ಪತ್ತು ನಿಮಿಷದಲ್ಲಿ ತಗ್ಗದಿದ್ದರೆ ಮತ್ತೆ ಹಾಗೇ ಕೊಡುತ್ತಾ ಆಸ್ಪತ್ರೆಯ ದಾರಿ ಹಿಡಿಯಿರಿ. ಒಂದೇ ಉಸಿರಿಗೆ ಒಂದು ವಾಕ್ಯ ಆಡಲಾಗುತ್ತಿಲ್ಲ, ಪಕ್ಕೆ ಒಳಗೆ ಸೆಳೆಯುತ್ತಿದೆ, ತುಟಿ ನೀಲಿಗಟ್ಟಿದೆ, ಮಂಪರು ಕವಿಯುತ್ತಿದೆ ಎಂದರೆ ಕಾಯುವ ಮಾತೇ ಇಲ್ಲ, 108ಕ್ಕೆ ಫೋನ್ ಮಾಡಿ. ಸುಯ್ ಸದ್ದು ನಿಂತಿತೆಂದು ಸಮಾಧಾನಪಡಬೇಡಿ. ಸೋತ ಎದೆಯಲ್ಲಿ ಗಾಳಿಯೇ ಆಡದಿದ್ದಾಗಲೂ ಸದ್ದು ನಿಲ್ಲುತ್ತದೆ.

ಕೊನೆಯದಾಗಿ ಕೆಲವು ಕೋರಿಕೆ. ಮೇಷ್ಟ್ರುಗಳೇ, ಶಾಲೆಯ ಬೀರುವಿನಲ್ಲಿ ಒಂದು ಸ್ಪೇಸರ್ ಇರಲಿ. ದಮ್ಮಿರುವ ಮಗುವನ್ನು ಆಟದಿಂದ ದೂರ ಕೂರಿಸಬೇಡಿ, ಹತೋಟಿಯಲ್ಲಿದ್ದರೆ ಓಡಲಿ. ಹುಣಸೆ ಮಂಡಿಯ ಸಾಹುಕಾರರೇ, ಬಡಿಯುವ ಕೆಲಸ ಗಾಳಿಯಾಡುವ ಕಡೆ ನಡೆಯಲಿ, ಹೆಂಗಸರಿಗೆ ಒಳ್ಳೆಯ ಮಾಸ್ಕ್ ಕೊಡಿ. ದತ್ತಿಯ ಹಿರಿಯರೇ, ಒಂದು ವರ್ಷದ ಬಡ್ಡಿಯನ್ನು ಉಪನ್ಯಾಸಕ್ಕಲ್ಲದೆ ಸ್ಪೇಸರ್‌ಗಳಿಗೆ ತೆಗೆದಿಟ್ಟರೆ ನಾನು ಮೊದಲು ಚಪ್ಪಾಳೆ ತಟ್ಟುತ್ತೇನೆ.

ರೋಗಿಗಳೇ, ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಬ್ಬಿಯನ್ನು ಜೊತೆಗೊಯ್ದು ಎರಡು ಮಾತು ಕೇಳಿ: ‘ಇದರಲ್ಲಿ ದಿನಾ ತಗೋಬೇಕಾದ್ದು ಯಾವುದು?’ ‘ನಾನು ಎಳೆಯೋದು ಸರಿಯಾಗಿದೆಯೇ, ನೋಡಿ ಹೇಳಿ.’ ಈ ಎರಡಕ್ಕೆ ಉತ್ತರ ಸಿಗದಿದ್ದರೆ ವೈದ್ಯರನ್ನು ಬದಲಿಸಿ, ಮದ್ದನ್ನು ಬಿಡಬೇಡಿ.